ದಿನಾ ನೀರು ಹಾಕಿದರೂ ಗಿಡ ಬಾಡುತ್ತಿದೆಯಾ? ದಿನಾ ಹಾಕುತ್ತಿರುವುದೇ ಕಾರಣ

ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬಂತೆಂದರೆ ಕೈತೋಟದ ಪ್ರಶ್ನೆಗಳು ರಾಶಿ ಬೀಳುತ್ತವೆ. ಈ ವರ್ಷ ಮನೆಯಲ್ಲೇ ತರಕಾರಿ ಬೆಳೆಯೋಣ ಅಂತ ಗ್ರೋ ಬ್ಯಾಗ್ (ಮಣ್ಣು ತುಂಬಿ ಗಿಡ ಬೆಳೆಸುವ ಚೀಲ) ತಂದಿರುತ್ತಾರೆ. ಮಕ್ಕಳ ಪರೀಕ್ಷೆ ಮುಗಿಯುವುದರೊಳಗೆ ಅರ್ಧ ಗಿಡ ಹೋಗಿರುತ್ತವೆ. ಹಿಂದೆ ಎಷ್ಟೋ ಸಲ ಉತ್ತರ ಕೊಟ್ಟ ಪ್ರಶ್ನೆಗಳೇ ಮತ್ತೆ ಬಂದಿವೆ. ಕುಂಡಕ್ಕೆ ತೂತು ಬೇಕು, ತರಕಾರಿಗೆ ಬಿಸಿಲು ಬೇಕು ಅನ್ನುವುದನ್ನೆಲ್ಲ ಇಲ್ಲಿ ಹೇಳುತ್ತಾ ಕೂರುವುದಿಲ್ಲ. ಒಂದು ಪ್ರಶ್ನೆಗೆ ಮಾತ್ರ ಉದ್ದ ಉತ್ತರ ಕೊಡುತ್ತೇನೆ. ನಾನು ನೋಡುವ ಮನೆಗಳಲ್ಲಿ ಜಾಸ್ತಿ ಗಿಡ ಸಾಯುತ್ತಿರುವುದು ಅದೊಂದರಿಂದಲೇ.

ನಮ್ಮದು ಆರು ಜನರ ಮನೆ. ಫೆಬ್ರವರಿಯಲ್ಲಿ ತಾರಸಿ ಮೇಲೆ ಬದನೆ, ಟೊಮೇಟೊ, ಬೆಂಡೆ, ಹೀರೆ ಹಾಕಿದೆವು. ಎಲ್ಲರೂ ಕಾಳಜಿಯಿಂದ ನೋಡಿಕೊಳ್ಳುತ್ತೇವೆ, ಒಂದು ದಿನವೂ ನೀರು ತಪ್ಪಿಸಿಲ್ಲ. ಆದರೂ ಮಧ್ಯಾಹ್ನಕ್ಕೆ ಎಲೆ ಜೋತು ಬೀಳುತ್ತವೆ. ಕೆಳಗಿನ ಎಲೆಗಳು ಹಳದಿಯಾಗಿವೆ. ಎರಡು ಗಿಡ ಸತ್ತೇಹೋದವು. ಇನ್ನೂ ಎಷ್ಟು ನೀರು ಹಾಕಬೇಕು? (ಗೃಹಿಣಿ, ದಾವಣಗೆರೆ)

ಸದ್ಯಕ್ಕೆ ಒಂದು ಚೊಂಬೂ ಬೇಡಮ್ಮ. ನಿಮ್ಮ ಗಿಡಗಳು ಬಾಯಾರಿ ಸಾಯುತ್ತಿಲ್ಲ, ಉಸಿರುಕಟ್ಟಿ ಸಾಯುತ್ತಿವೆ.

"ಎಲ್ಲರೂ" ಅಂತ ಬರೆದಿದ್ದೀರಲ್ಲ, ತೊಂದರೆ ಅಲ್ಲೇ ಇದೆ. ಬೆಳಿಗ್ಗೆ ತುಳಸಿಗೆ ನೀರು ಹಾಕಲು ಹೋದ ಅತ್ತೆ ಪಕ್ಕದ ಬದನೆಗೂ ಒಂದು ಚೊಂಬು ಸುರಿಯುತ್ತಾರೆ. ಬಟ್ಟೆ ಹರವಲು ಹೋದ ನೀವು ಜೋತುಬಿದ್ದ ಎಲೆ ನೋಡಲಾಗದೆ ಒಂದು ಮಗ್ ಹಾಕುತ್ತೀರಿ. ಸ್ಕೂಲಿಂದ ಬಂದ ಮಕ್ಕಳಿಗೆ ಪೈಪ್ ಹಿಡಿಯುವುದೇ ಖುಷಿ. ರಾತ್ರಿ ಸಿಂಟೆಕ್ಸ್ ತುಂಬಿದೆಯಾ ಅಂತ ನೋಡಲು ಹೋದ ಯಜಮಾನರು ತಮ್ಮ ಪಾಲಿನದನ್ನೂ ಹಾಕಿ ಬರುತ್ತಾರೆ. ಯಾರೂ ಇನ್ನೊಬ್ಬರಿಗೆ ಹೇಳುವುದಿಲ್ಲ. ಹತ್ತರಲ್ಲಿ ಏಳೆಂಟು ಮನೆಗಳಲ್ಲಿ ನಡೆಯುವುದು ಇದೇ.

ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿ ಸದಾ ನೀರೇ ನಿಂತರೆ ಗಾಳಿಗೆ ಜಾಗ ಇರುವುದಿಲ್ಲ. ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯುವುದಿಲ್ಲ. ಆಗ ಗಿಡ ಬಾಡುತ್ತದೆ, ಥೇಟ್ ನೀರಿಲ್ಲದೆ ಬಾಡಿದ ಹಾಗೇ ಕಾಣುತ್ತದೆ. ಅದನ್ನು ನೋಡಿ ಮನೆಯವರು ಇನ್ನೊಂದು ಚೊಂಬು ಹಾಕುತ್ತಾರೆ. ಗಿಡ ಸಾಯುವುದು ಆ ಚೊಂಬಿನಿಂದ.

ಮಧ್ಯಾಹ್ನ ಎಲೆ ಜೋತು ಬಿದ್ದರೆ ಗಾಬರಿ ಬೇಡ. ಹೀರೆ, ಸೋರೆ, ಕುಂಬಳ, ಬದನೆ ಇವೆಲ್ಲ ಅಗಲ ಎಲೆಯವು. ಹನ್ನೆರಡರಿಂದ ಮೂರರವರೆಗಿನ ಬಿಸಿಲಲ್ಲಿ ಎಲೆಯಿಂದ ಆರಿಹೋಗುವಷ್ಟು ವೇಗದಲ್ಲಿ ಬೇರು ನೀರು ಕಳಿಸಲಾರದು. ಮಣ್ಣು ಒದ್ದೆ ಇದ್ದರೂ ಎಲೆ ಇಳಿಬೀಳುತ್ತದೆ. ಸಂಜೆ ಐದರ ಹೊತ್ತಿಗೆ ತಾನಾಗಿಯೇ ಎದ್ದು ನಿಲ್ಲುತ್ತದೆ. ಗಿಡ ನೋಡಬೇಕಾದ ಹೊತ್ತು ಬೆಳಿಗ್ಗೆ ಏಳು ಗಂಟೆ. ಆಗಲೂ ಬಾಡಿದ್ದರೆ ಮಾತ್ರ ಏನೋ ತೊಂದರೆ ಇದೆ ಅಂತ ಅರ್ಥ.

ತೊಂದರೆ ಯಾವುದು ಅಂತ ತಿಳಿಯಲು ಬೆರಳು ಸಾಕು. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ತುದಿಗೆ ತಂಪು ತಾಗಿ ಮಣ್ಣು ಅಂಟಿಕೊಂಡು ಬಂದರೆ ಅವತ್ತು ನೀರು ಬೇಡ. ಮೇಲ್ಮಣ್ಣು ನೋಡಿ ತೀರ್ಮಾನ ಮಾಡಲೇಬೇಡಿ, ಅದರಲ್ಲೂ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜಾಸ್ತಿ ಹಾಕಿದ್ದರೆ. ಕೋಕೋಪೀಟ್ ಮೇಲೆ ಒಣಗಿ ತಿಳಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಮೂರು ಇಂಚು ಕೆಳಗೆ ಹಿಂಡಿದರೆ ನೀರು ಬರುವಷ್ಟು ಒದ್ದೆ ಇರುತ್ತದೆ. ಬರೀ ಕೋಕೋಪೀಟ್ ತುಂಬಿದ ಬ್ಯಾಗ್ ಮಾರಿ "ಮಣ್ಣೇ ಬೇಡ" ಅನ್ನುವವರ ಮಾತು ಕೇಳಬೇಡಿ. ಕೆಮ್ಮಣ್ಣು, ಕೋಕೋಪೀಟ್, ಚೆನ್ನಾಗಿ ಕಳಿತ ಗೊಬ್ಬರ, ಮೂರೂ ಸಮ ಇರಲಿ. ಕೋಕೋಪೀಟನ್ನು ಎರಡು ಮೂರು ನೀರಲ್ಲಿ ತೊಳೆದು ಹಾಕಿ, ಇಲ್ಲದಿದ್ದರೆ ಅದರಲ್ಲಿರುವ ಉಪ್ಪಿಗೆ ಎಳೆ ಸಸಿಯ ಎಲೆ ತುದಿ ಸುಡುತ್ತದೆ. ಕುಂಡದ ಸುತ್ತ ಸಣ್ಣ ಕಪ್ಪು ನೊಣಗಳು ಹಾರಾಡುತ್ತಿದ್ದರೆ ಅದೂ ನೀರು ಹೆಚ್ಚಾಗಿರುವ ಗುರುತು.

ಸತ್ತ ಗಿಡವನ್ನು ಸುಮ್ನೆ ಬಿಸಾಡಬೇಡಿ, ಕಿತ್ತು ಬೇರು ನೋಡಿ. ಒಳ್ಳೆ ಬೇರು ಬೆಳ್ಳಗೆ, ಗಟ್ಟಿಯಾಗಿ ಇರುತ್ತದೆ. ಕೊಳೆತ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬರುತ್ತದೆ, ಒಳಗೆ ಬರೀ ದಾರ ಉಳಿಯುತ್ತದೆ, ಕೆಟ್ಟ ವಾಸನೆ ಇರುತ್ತದೆ. ಉಳಿದ ಗಿಡಗಳಿಗೆ ಎರಡು ಮೂರು ದಿನ ನೀರು ನಿಲ್ಲಿಸಿ, ನೆರಳಿಗೆ ಸರಿಸಿ, ಕೆಳಗಿನ ತೂತು ಕಡ್ಡಿಯಿಂದ ಬಿಡಿಸಿ. ಗೊಬ್ಬರ ಹಾಕಬೇಡಿ. ಪೆಟ್ಟು ತಿಂದ ಬೇರಿಗೆ ಗೊಬ್ಬರ ಇನ್ನೊಂದು ಪೆಟ್ಟು.

ಬದನೆ, ಟೊಮೇಟೊಗಳಲ್ಲಿ ಇನ್ನೊಂದು ಸಾಧ್ಯತೆ ಇದೆ. ನಿನ್ನೆವರೆಗೆ ಚೆನ್ನಾಗಿದ್ದ ಗಿಡ ಎಲೆ ಹಸಿರಿರುವಾಗಲೇ ಪೂರ್ತಿ ಸೊರಗಿದ್ದರೆ ಅದು ದುಂಡಾಣುವಿನಿಂದ ಬರುವ ಸೊರಗು ರೋಗ ಇರಬಹುದು. ಬುಡದ ಹತ್ತಿರ ಕಾಂಡ ಕತ್ತರಿಸಿ, ಕತ್ತರಿಸಿದ ತುದಿ ಮುಳುಗುವಂತೆ ಗಾಜಿನ ಲೋಟದ ತಿಳಿ ನೀರಲ್ಲಿ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಕೆಳಗಿಳಿದರೆ ಅನುಮಾನವೇ ಇಲ್ಲ, ಅದೇ ರೋಗ. ಔಷಧಿ ಇಲ್ಲ. ಗಿಡ ಕಿತ್ತು ದೂರ ಹಾಕಿ. ಆ ಮಣ್ಣಲ್ಲಿ ಟೊಮೇಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಮತ್ತೆ ಹಾಕಬೇಡಿ. ಮುಂದಿನ ಸಲ ಬೇರೆ ಮಣ್ಣಲ್ಲಿ ಟೊಮೇಟೊ ಹಾಕುವಾಗ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಬೀಜ ಕೇಳಿ. ಈ ಸೊರಗು ರೋಗವನ್ನೂ ಎಲೆ ಮುದುಡು ರೋಗವನ್ನೂ ತಡೆದುಕೊಳ್ಳುವ ತಳಿ ಅದು.

ಇನ್ನು ಮನೆಯ ವ್ಯವಸ್ಥೆ. ನೀರಿನ ಜವಾಬ್ದಾರಿ ಒಬ್ಬರದ್ದೇ ಇರಲಿ. ಯಾರು ಅನ್ನುವುದು ನಿಮಗೆ ಬಿಟ್ಟದ್ದು. ಅತ್ತೆಯವರಿಗೆ ಬೆಳಿಗ್ಗೆ ಪುರುಸೊತ್ತು ಇದ್ದರೆ ಅವರಿಗಿಂತ ಒಳ್ಳೆಯವರು ಸಿಗಲಿಕ್ಕಿಲ್ಲ, ಗಿಡದ ಹತ್ತಿರ ದಿನಾ ನಿಂತು ನೋಡುವವರು ಅವರೇ. ಅದು ಆಗದಿದ್ದರೆ ಒಂದು ಗುರುತು ಇಟ್ಟುಕೊಳ್ಳಿ. ನೀರು ಹಾಕಿದವರು ಚೊಂಬನ್ನು ಬೋರಲು ಇಡಲಿ. ಬೋರಲು ಇದ್ದರೆ ಬೇರೆಯವರು ಮುಟ್ಟುವಂತಿಲ್ಲ. ಮಕ್ಕಳಿಗೆ ಬೇಡ ಅನ್ನಬೇಡಿ, ಅವರಿಗೇ ಅಂತ ಒಂದು ಬ್ಯಾಗ್ ಕೊಟ್ಟು ಅಲಸಂದೆ ಬಿತ್ತಿಸಿ. ನಾಲ್ಕೈದು ದಿನದಲ್ಲಿ ಮೊಳಕೆ ಕಾಣುತ್ತದೆ, ಕಾಯುವ ಬೇಸರ ಇಲ್ಲ.

ಹಾಕುವ ದಿನ ಬೆಳಿಗ್ಗೆಯೇ, ಕೆಳಗಿನ ತೂತಿನಿಂದ ತೊಟ್ಟಿಕ್ಕಲು ಶುರುವಾಗುವವರೆಗೆ ಹಾಕಿ ನಿಲ್ಲಿಸಿ. ಏಪ್ರಿಲ್ ಬಿಸಿಲಲ್ಲಿ ಕಾಯಿ ಬಿಡುತ್ತಿರುವ ದೊಡ್ಡ ಗಿಡಕ್ಕೆ ದಿನಾ ಬೇಕಾಗಬಹುದು, ಕೆಲವು ದಿನ ಎರಡು ಸಲವೂ ಬೇಕಾಗಬಹುದು. ಎರಡು ವಾರದ ಸಸಿಗೆ ಅಷ್ಟು ಬೇಡ. ಗಡಿಯಾರ ನೋಡಬೇಡಿ, ಬೆರಳು ಇಳಿಸಿ ನೋಡಿ. ಬ್ಯಾಗನ್ನು ನೇರ ಕಾಂಕ್ರೀಟ್ ಮೇಲೆ ಇಡದೆ ಎರಡು ಇಟ್ಟಿಗೆ ಮೇಲೆ ಇಡಿ. ತೂತು ಮುಚ್ಚುವುದಿಲ್ಲ, ತಾರಸಿಯ ಕಾವು ಬೇರಿಗೆ ತಾಗುವುದಿಲ್ಲ. ಬುಡಕ್ಕೆ ಎರಡು ಇಂಚು ತರಗೆಲೆ ಹೊದಿಸಿ. ಇದಿಷ್ಟು ಮಾಡಿದರೆ ನೀರು ಎಷ್ಟು ಉಳಿಯುತ್ತದೆ ಅಂತ ನೀವೇ ನೋಡುತ್ತೀರಿ.

ನೀರು ಉಳಿಸುವುದು ಸಣ್ಣ ಮಾತಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಒಂದು ಬಕೆಟ್‌ನಲ್ಲಿ ಹಿಡಿದಿಟ್ಟು ಅವತ್ತೇ ಗಿಡಕ್ಕೆ ಹಾಕಿ, ಚೆನ್ನಾಗಿರುತ್ತದೆ. ಪಾತ್ರೆ ತೊಳೆದ ಸೋಪಿನ ನೀರು ಬೇಡ. ಮನೆಗೆ ವಾಟರ್ ಸಾಫ್ಟ್‌ನರ್ ಹಾಕಿಸಿದ್ದರೆ ಆ ನೀರಂತೂ ಬೇಡವೇ ಬೇಡ. ಅದರಲ್ಲಿ ಸೋಡಿಯಂ ಇರುತ್ತದೆ, ದಿನ ಕಳೆದಂತೆ ಮಣ್ಣು ಕೆಡುತ್ತದೆ. ಆರ್‌ಒ ಫಿಲ್ಟರ್ ಹೊರಬಿಡುವ ನೀರೂ ಅಷ್ಟೇ, ಉಪ್ಪಿನಂಶ ಜಾಸ್ತಿ. ಅದರಲ್ಲಿ ನೆಲ ಒರೆಸಿ.

ಮನೆಯಲ್ಲಿ ಮುಟ್ಟಾದವರು ಗಿಡ ಮುಟ್ಟಿದ್ದಕ್ಕೆ ಬಸಳೆ ಒಣಗಿತು ಅನ್ನುತ್ತಾರೆ, ನಿಜವಾ? (ವಿದ್ಯಾರ್ಥಿನಿ, ಚಿತ್ರದುರ್ಗ)

ಸುಳ್ಳು. ಗಿಡಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಗದ್ದೆಯಲ್ಲಿ ನಾಟಿ ಮಾಡುವ, ಕಳೆ ಕೀಳುವ ಹೆಂಗಸರು ತಿಂಗಳ ಎಲ್ಲ ದಿನವೂ ಕೆಲಸ ಮಾಡುತ್ತಾರೆ, ಪೈರು ಚೆನ್ನಾಗಿಯೇ ಬರುತ್ತದೆ. ಈ ಮಾತು ಹೇಳಿ ಹೆಣ್ಣುಮಕ್ಕಳನ್ನು ದೂರ ನಿಲ್ಲಿಸುವುದು ಅನ್ಯಾಯ. ನಿಮ್ಮ ಬಸಳೆ ಬುಡಕ್ಕೆ ಬೆರಳು ಇಳಿಸಿ ನೋಡಿ, ಮೇಲಿನ ಉತ್ತರ ಓದಿ. ಓದಿದ ಮೇಲೆ ಮನೆಯವರಿಗೂ ಓದಿ ಹೇಳಿ.

ಮೊಟ್ಟೆ ಚಿಪ್ಪು, ಬಾಳೆಸಿಪ್ಪೆ ನೀರು, ಎಪ್ಸಮ್ ಸಾಲ್ಟ್, ಟೀ ಸೊಪ್ಪು ಯಾವ ಯಾವ ಅಳತೆಯಲ್ಲಿ ಹಾಕಬೇಕು?

ಈ ಪ್ರಶ್ನೆ ವಾರ ತಪ್ಪದೆ ಬರುತ್ತದೆ. ನಾಲ್ಕೂ ಬಿಡಿ. ಮೊಟ್ಟೆ ಚಿಪ್ಪು ಕರಗಿ ಸುಣ್ಣದಂಶ ಬಿಡುವ ಹೊತ್ತಿಗೆ ನಿಮ್ಮ ಟೊಮೇಟೊ ಗಿಡ ಮುಗಿದಿರುತ್ತದೆ. ಕಾಯಿಯ ತಳ ಕಪ್ಪಾಗುತ್ತದೆ ಅಂತ ಚಿಪ್ಪು ಹಾಕುತ್ತಾರೆ, ಆದರೆ ತಳ ಕಪ್ಪಾಗುವುದಕ್ಕೆ ಹೆಚ್ಚಾಗಿ ಕಾರಣ ಒಂದು ದಿನ ಪ್ರವಾಹ, ನಾಲ್ಕು ದಿನ ಬರ ಅನ್ನುವ ಹಾಗೆ ನೀರು ಹಾಕುವುದು. ಎಪ್ಸಮ್ ಸಾಲ್ಟ್ ಅಂದರೆ ಮೆಗ್ನೀಷಿಯಂ ಇರುವ ಉಪ್ಪು, ಮೆಗ್ನೀಷಿಯಂ ಕೊರತೆ ಇದೆ ಅಂತ ಗೊತ್ತಿಲ್ಲದೆ ಅದನ್ನು ಹಾಕುವುದು ಕಾಯಿಲೆ ಗೊತ್ತಿಲ್ಲದೆ ಮಾತ್ರೆ ನುಂಗಿದಂತೆ. ಸಿಪ್ಪೆ, ಚಿಪ್ಪು, ಟೀ ಸೊಪ್ಪು ಎಲ್ಲ ಕಾಂಪೋಸ್ಟ್ ಡಬ್ಬಿಗೆ ಹೋಗಲಿ. ಹದಿನೈದು ದಿನಕ್ಕೊಮ್ಮೆ ಬ್ಯಾಗಿಗೆ ಎರಡು ಹಿಡಿ ಎರೆಗೊಬ್ಬರ ಹಾಕಿ, ಬೇರೇನೂ ಬೇಡ.

ಏಪ್ರಿಲ್‌ನಲ್ಲಿ ಟೊಮೇಟೊ ತುಂಬಾ ಹೂ ಬಿಡುತ್ತದೆ, ಒಂದೂ ಕಾಯಿ ನಿಲ್ಲುವುದಿಲ್ಲ. (ಕಲಬುರಗಿ)

ಕಲಬುರಗಿಯ ಏಪ್ರಿಲ್‌ನಲ್ಲಿ ನಿಲ್ಲುವುದೂ ಇಲ್ಲ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇದ್ದರೆ ಟೊಮೇಟೊ ಪರಾಗ ಕೆಲಸ ಮಾಡುವುದಿಲ್ಲ, ಹೂ ಉದುರುತ್ತದೆ. "ಫ್ಲವರ್ ಬೂಸ್ಟರ್" ಅಂತ ಬಾಟಲಿ ಮಾರುವವರಿಗೆ ದುಡ್ಡು ಕೊಡಬೇಡಿ, ಬಿಸಿಲನ್ನು ಯಾವ ಬಾಟಲಿಯೂ ಇಳಿಸುವುದಿಲ್ಲ. ಈ ಕಾಲಕ್ಕೆ ಬೆಂಡೆ, ಅಲಸಂದೆ, ಗೋರಿಕಾಯಿ, ಹರಿವೆ, ಬಸಳೆ ಹಾಕಿ. ಬೆಂಡೆಗೆ ಅರ್ಕಾ ಅನಾಮಿಕಾ ಒಳ್ಳೆಯದು, ಎಲೆಯ ನರ ಹಳದಿಯಾಗುವ ನಂಜು ರೋಗ ತಡೆದುಕೊಳ್ಳಲಿ ಅಂತ ರೂಪಿಸಿದ ತಳಿ ಅದು. ಹರಿವೆ ಒಂದು ತಿಂಗಳಲ್ಲಿ ಸಾರಿಗೆ ಬರುತ್ತದೆ. ಟೊಮೇಟೊ ಆಸೆ ಮಳೆಗಾಲ ಕಳೆದ ಮೇಲೆ ಇಟ್ಟುಕೊಳ್ಳಿ.

ಕೊತ್ತಂಬರಿ ಹುಟ್ಟುವುದೇ ಇಲ್ಲ.

ಕಾಳನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ, ಎರಡು ವಾರ ಕಾಯಿರಿ, ನೆರಳಲ್ಲಿಡಿ.

ನೀಲಿ ಸ್ಟ್ರಾಬೆರಿ ಬೀಜ ಆನ್‌ಲೈನ್‌ನಲ್ಲಿ ಸಿಗುತ್ತದೆ, ತರಿಸಬಹುದಾ?

ಅಂಥ ಹಣ್ಣೇ ಇಲ್ಲ. ಮೋಸ.

ಬಿಳಿನೊಣ, ಹಿಟ್ಟು ತಿಗಣೆ ವಿಪರೀತ. ಗೊಬ್ಬರದ ಅಂಗಡಿಯವರು ನೀರಿನ ಬಾಟಲಿಯಲ್ಲಿ ಸ್ವಲ್ಪ ಔಷಧಿ ಹಾಕಿಕೊಟ್ಟಿದ್ದಾರೆ. ಹೊಡೆಯಬಹುದಾ? (ಮೈಸೂರು)

ಮೊದಲು ಆ ಬಾಟಲಿಯನ್ನು ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿ ಇಡಿ. ನಾಳೆಯೇ ಅಂಗಡಿಗೆ ವಾಪಸ್ ಕೊಡಿ. ಸಿಂಕಿಗೂ ಚರಂಡಿಗೂ ಸುರಿಯಬೇಡಿ. ಕುಡಿಯುವ ನೀರಿನ ಬಾಟಲಿಯಲ್ಲಿ ಕೀಟನಾಶಕ ಕೊಡುವುದು ತಪ್ಪು, ತರುವುದೂ ತಪ್ಪು. ಯಾವ ಮಗುವಿಗೆ ಬಾಯಾರಿಕೆ ಯಾವಾಗ ಆಗುತ್ತದೋ ಯಾರಿಗೆ ಗೊತ್ತು? ಕಂಪನಿಯ ಡಬ್ಬಿಯ ಮೇಲೆ ನೋಂದಣಿ ಸಂಖ್ಯೆ ಇರುತ್ತದೆ, ವಿಷ ಎಷ್ಟು ಅಂತ ತೋರಿಸುವ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅನ್ನುವುದೂ ಡಬ್ಬಿಯ ಜೊತೆಗೇ ಬರುತ್ತದೆ. ನಿಮ್ಮ ಬಾಟಲಿಯಲ್ಲಿ ಇದ್ಯಾವುದೂ ಇಲ್ಲ. ಮಕ್ಕಳು ಎಲೆ ಮುರಿದು ಬಾಯಿಗೆ ಹಾಕಿಕೊಳ್ಳುವ ಜಾಗ ಅದು. ಮನೆ ತರಕಾರಿಗೆ ಇಂಥ ವಿಷ ಬೇಡ ಅನ್ನುವುದು ನನ್ನ ಮಾತು, ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಎಲೆಯ ಅಡಿಭಾಗಕ್ಕೆ ಪೈಪ್‌ನಿಂದ ರಭಸವಾಗಿ ನೀರು ಹಾಯಿಸಿ. ಹಿಟ್ಟು ತಿಗಣೆಯನ್ನು ಹಳೆ ಟೂತ್‌ಬ್ರಷ್‌ನಲ್ಲಿ ತೆಗೆಯಿರಿ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎಣ್ಣೆ ಬೆರೆಯುವಷ್ಟು ಸೋಪು ಸೇರಿಸಿ ಸಂಜೆ ಹೊತ್ತು ಸಿಂಪಡಿಸಿ, ವಾರಕ್ಕೊಮ್ಮೆ. ಬಿಸಿಲಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ.

ತಾರಸಿಯ ಒಂದು ಮೂಲೆಗೆ ಇಟ್ಟಿಗೆ ಕಟ್ಟಿ ಒಂದು ಅಡಿ ಮಣ್ಣು ತುಂಬಬೇಕು ಅಂತಿದ್ದೇವೆ.

ಬೇಡ. ಓಡಾಡುವ ತಾರಸಿಗೆ ನಮ್ಮ ದೇಶದ ಮಾನದಂಡದಲ್ಲಿ ಲೆಕ್ಕ ಹಿಡಿಯುವ ಹೊರೆ ಒಂದು ಚದರ ಮೀಟರಿಗೆ ಸುಮಾರು 150 ಕೆಜಿ. ಒಂದು ಅಡಿ ಒದ್ದೆ ಮಣ್ಣು ಅಷ್ಟೇ ಜಾಗದಲ್ಲಿ 500 ಕೆಜಿಯ ಹತ್ತಿರ ತೂಗುತ್ತದೆ. ಮನೆ ಕಟ್ಟಿದ ಎಂಜಿನಿಯರ್ ಬರೆದುಕೊಡದೆ ಒಂದು ಬುಟ್ಟಿ ಮಣ್ಣೂ ಮೇಲೆ ಏರಿಸಬೇಡಿ. ಬ್ಯಾಗುಗಳನ್ನೂ ಮಧ್ಯದಲ್ಲಿ ಗುಂಪು ಮಾಡದೆ ಕೆಳಗೆ ತೊಲೆ, ಗೋಡೆ ಇರುವ ಅಂಚಿನ ಉದ್ದಕ್ಕೆ ಬಿಡಿಬಿಡಿಯಾಗಿ ಇಡಿ.

ಬೇಸಿಗೆ ರಜೆಗೆ ಹತ್ತು ದಿನ ಊರಿಗೆ ಹೋಗುತ್ತೇವೆ. ನೀರು ತುಂಬಿದ ಬಾಟಲಿ ತಲೆಕೆಳಗಾಗಿ ಮಣ್ಣಿಗೆ ಚುಚ್ಚಿಟ್ಟರೆ ಸಾಕಾ? (ಹುಬ್ಬಳ್ಳಿ)

ಮೇ ತಿಂಗಳಲ್ಲಿ ಆ ಬಾಟಲಿ ಎರಡು ದಿನವೂ ಬರುವುದಿಲ್ಲ. ಬ್ಯಾಗುಗಳನ್ನೆಲ್ಲ ನೆರಳಿರುವ ಕಡೆ, ಕೆಳಗೆ ಗೋಡೆ ಇರುವ ಅಂಚಿನ ಉದ್ದಕ್ಕೇ ಒಂದೇ ಸಾಲಲ್ಲಿ ಒತ್ತಾಗಿ ಇಟ್ಟು, ಬುಡಕ್ಕೆ ತರಗೆಲೆ ದಪ್ಪಗೆ ಹೊದಿಸಿ. ಪಕ್ಕದ ಮನೆಯವರಿಗೆ ತಾರಸಿ ಬೀಗದ ಕೈ ಕೊಟ್ಟು, ಬೆರಳು ಇಳಿಸಿ ನೋಡುವುದನ್ನು ಹೇಳಿಕೊಡಿ. ಬೆಂಡೆಕಾಯಿ ಎರಡು ದಿನಕ್ಕೊಮ್ಮೆ ಅವರೇ ಕೊಯ್ದುಕೊಳ್ಳಲಿ ಅನ್ನಿ. ಕಾಯಿ ಬಲಿಯಲು ಬಿಟ್ಟರೆ ಗಿಡ ಹೊಸ ಕಾಯಿ ಬಿಡುವುದು ಕಡಿಮೆಯಾಗುತ್ತದೆ.