ಬಿಟ್ಟಿ ಕೊಟ್ಟ ಅಚ್ಚು ಮೂಲೆ ಸೇರಿದ್ದೇಕೆ?

ಪ್ರಶ್ನೆ: ಒಂದೇ ಬಗೆಯ ಸರಕು ತಯಾರಿಸುವ ಸಣ್ಣ ಕಾರ್ಖಾನೆಗಳ ಕ್ಲಸ್ಟರುಗಳಿಗೆ ಹಲವು ದೇಶಗಳ ಸರ್ಕಾರಗಳು ಹೊಸ ಯಂತ್ರ, ಹೊಸ ವಿಧಾನ ಒದಗಿಸುತ್ತವೆ. ಖರ್ಚಿಲ್ಲದೆ ಸಿಕ್ಕರೂ ಅವು ಎಷ್ಟೋ ಬಾರಿ ಬಳಕೆಗೆ ಬರುವುದಿಲ್ಲ, ಏಕೆ?

ಉತ್ತರ: ಉಳಿತಾಯ ಮಾಲೀಕರಿಗೆ, ನಷ್ಟ ಕೆಲಸಗಾರರಿಗೆ ಎಂದಾದಾಗ ಹೀಗಾಗುತ್ತದೆ. ಪಾಕಿಸ್ತಾನದ ಸಿಯಾಲ್‌ಕೋಟ್‌ನ ಫುಟ್‌ಬಾಲ್ ಕಾರ್ಖಾನೆಗಳಲ್ಲಿ ಅರ್ಥಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ. ಸಾಮಾನ್ಯ ಚೆಂಡಿಗೆ 20 ಷಟ್ಕೋನ, 12 ಪಂಚಕೋನ ತುಂಡುಗಳು ಬೇಕು. ಷಟ್ಕೋನಗಳು ಜೇನುಗೂಡಿನಂತೆ ಸಂದಿಲ್ಲದೆ ಕೂರುತ್ತವೆ. ಪಂಚಕೋನಗಳು ಹಾಗೆ ಕೂರುವುದಿಲ್ಲ, ನಡುವಿನ ಕೃತಕ ಚರ್ಮ ಕಸವಾಗುತ್ತದೆ. ಅವನ್ನು ಇನ್ನಷ್ಟು ಒತ್ತೊತ್ತಾಗಿ ಕತ್ತರಿಸುವ ಹೊಸ ಅಚ್ಚನ್ನು 35 ಕಾರ್ಖಾನೆಗಳಿಗೆ ಉಚಿತವಾಗಿ ಕೊಟ್ಟರು. 15 ತಿಂಗಳಾದರೂ ಬಳಸುತ್ತಿದ್ದವು ಬೆರಳೆಣಿಕೆಯಷ್ಟೇ.

ಕಾರಣ ಕೂಲಿಯ ಲೆಕ್ಕದಲ್ಲಿತ್ತು. ಕತ್ತರಿಸುವವರಿಗೆ ತುಂಡಿಗಿಷ್ಟು ಎಂದು ಕೂಲಿ. ಹೊಸ ಅಚ್ಚಿಗೆ ಕೈ ಪಳಗುವವರೆಗೆ ಕೆಲಸ ನಿಧಾನ, ಗಳಿಕೆ ಕಡಿಮೆ. ಚರ್ಮದ ಉಳಿತಾಯದಲ್ಲಿ ಅವರಿಗೆ ಪಾಲಿಲ್ಲ. ಹಾಗಾಗಿ ಅಚ್ಚು ಸರಿಯಿಲ್ಲವೆಂದು ಮಾಲೀಕರಿಗೆ ಹೇಳಿದವರೂ ಇದ್ದರು. ಅವರನ್ನು ದೂರುವುದು ಅನ್ಯಾಯ. ಮುಂದೆ, ಅಚ್ಚನ್ನು ಸರಿಯಾಗಿ ಬಳಸಿ ತೋರಿಸಿದರೆ ಸುಮಾರು ಒಂದು ತಿಂಗಳ ಗಳಿಕೆಯಷ್ಟು ಹಣ ಕೊಡುವುದಾಗಿ ಕೆಲವು ಕಾರ್ಖಾನೆಗಳ ಕೆಲಸಗಾರರಿಗೆ ಹೇಳಿದಾಗ, ಅಲ್ಲಿ ಬಳಕೆ ಸ್ಪಷ್ಟವಾಗಿ ಹೆಚ್ಚಿತು.

ಆದ್ದರಿಂದ ಯಂತ್ರ ಹಂಚುವ ಮೊದಲು, ಅದರಿಂದ ಯಾರ ಕೂಲಿ ಎಷ್ಟು ವಾರ ತಗ್ಗುತ್ತದೆ ಎಂದು ಕೇಳಿ ತಿಳಿಯಬೇಕು. ಕಲಿಕೆಯ ಅವಧಿಗೆ ಹಿಂದಿನ ಸರಾಸರಿ ಗಳಿಕೆಯನ್ನು ಖಾತರಿಪಡಿಸಬೇಕು. ಒಂದು ಹಾಳೆಗೆ ಬೀಳುವ ಕಸವನ್ನು ಮೊದಲೂ ಆಮೇಲೂ ತೂಗಿ, ಉಳಿತಾಯದಲ್ಲಿ ಕೆಲಸಗಾರರಿಗೆ ಪಾಲು ಗೊತ್ತುಮಾಡಬೇಕು. ಎಷ್ಟು ಹಂಚಿದೆವು ಎಂಬ ವರದಿಗಿಂತ, ಆರು ತಿಂಗಳ ಮೇಲೆ ಎಷ್ಟು ಓಡುತ್ತಿವೆ ಎಂಬ ಎಣಿಕೆ ಮುಖ್ಯ.

ಪ್ರಶ್ನೆ: ಕ್ಲಸ್ಟರಿನ ಕಾರ್ಖಾನೆಗಳೆಲ್ಲ ಹಂಚಿಕೊಂಡು ಬಳಸುವ ಸಾಮಾನ್ಯ ಸೌಲಭ್ಯ ಕೇಂದ್ರದಲ್ಲಿ ಏನಿರಬೇಕು?

ಉತ್ತರ: ಒಂದು ಘಟಕಕ್ಕೆ ತಿಂಗಳಲ್ಲಿ ಕೆಲವೇ ಗಂಟೆ ಬೇಕಾಗುವ, ಒಬ್ಬರೇ ಕೊಳ್ಳಲಾಗದ ಸಾಧನಗಳಿರಲಿ: ಲೋಹದ ಪರೀಕ್ಷೆ, ಅಳತೆ ಉಪಕರಣಗಳ ಕ್ಯಾಲಿಬ್ರೇಷನ್ (ಅಳತೆ ನಿಖರವೇ ಎಂದು ತಾಳೆ ನೋಡುವುದು), ಶಾಖ ಸಂಸ್ಕರಣೆ (ಲೋಹವನ್ನು ಕಾಯಿಸಿ ತಣಿಸಿ ಹದಗೊಳಿಸುವುದು). ದಿನವೂ ಎಲ್ಲರಿಗೂ ಬೇಕಾದ ಯಂತ್ರವಿಟ್ಟರೆ ಬೇಡಿಕೆಯ ಕಾಲದಲ್ಲಿ ಸರದಿ ಬೆಳೆಯುತ್ತದೆ, ತಮ್ಮ ವಿನ್ಯಾಸ ಪಕ್ಕದವರ ಕಣ್ಣಿಗೆ ಬೀಳುವ ಭಯವೂ ಇರುತ್ತದೆ. ಗುಣಮಟ್ಟ ಮಾತ್ರ ಎಲ್ಲರ ಸಮಾನ ಚಿಂತೆ. 1994ರಲ್ಲಿ ಗುಣಮಟ್ಟದ ಕಾರಣಕ್ಕೆ ಅಮೆರಿಕ ಸಿಯಾಲ್‌ಕೋಟ್‌ನ ಶಸ್ತ್ರಚಿಕಿತ್ಸಾ ಉಪಕರಣಗಳನ್ನು ತಡೆದಾಗ, ಪೈಪೋಟಿಯಲ್ಲಿದ್ದ ತಯಾರಕರೇ ತಮ್ಮ ಸಂಘದ ಮೂಲಕ ಒಟ್ಟಾಗಿ ಪರಿಹಾರ ಹುಡುಕಿದರು.

ಕಟ್ಟಡ, ಯಂತ್ರಗಳಿಗೆ ಅನುದಾನ ಸುಲಭವಾಗಿ ಸಿಗುತ್ತದೆ. ಆಪರೇಟರ್ ಸಂಬಳ, ಬಿಡಿಭಾಗ, ವಾರ್ಷಿಕ ಕ್ಯಾಲಿಬ್ರೇಷನ್ ವೆಚ್ಚವನ್ನು ಬಳಕೆ ಶುಲ್ಕದಿಂದ ಭರಿಸಲಾದೀತೇ ಎಂದು ಯಂತ್ರಕ್ಕೆ ಆರ್ಡರ್ ಕೊಡುವ ಮೊದಲೇ ಲೆಕ್ಕ ಹಾಕಿ.