ಚೂರು ಅರಿವುಗಳು ಸೇರಿ ಒಂದು ‘ನಾನು’ ಆಗುವುದು ಹೇಗೆ?

ಪ್ರತಿ ನರಕೋಶಕ್ಕೂ ಚೂರು ಅರಿವಿದ್ದರೆ, ಅವೆಲ್ಲ ಕೂಡಿ ಒಂದೇ ‘ನಾನು’ ಹೇಗಾಗುತ್ತದೆ ಅಂತ ಕೇಳಿದ್ದೀರಿ. ಸುಮ್ನೆ ಕೂಡಿಸಿದರೆ ಆಗುವುದಿಲ್ಲ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ತಕರಾರು ಎತ್ತಿದ್ದರು. ಅವರ ಉದಾಹರಣೆ ಇದು: ಹನ್ನೆರಡು ಪದಗಳ ವಾಕ್ಯ, ಹನ್ನೆರಡು ಜನ, ತಲೆಗೊಂದು ಪದ. ಒತ್ತೊತ್ತಾಗಿ ನಿಂತು ಎಷ್ಟೇ ಯೋಚಿಸಿದರೂ ಇಡೀ ವಾಕ್ಯ ಯಾರ ತಲೆಗೂ ಬರುವುದಿಲ್ಲ, ಅಲ್ವಾ?

ನನ್ನನ್ನು ಜಾಸ್ತಿ ಕಾಡುವುದು ಮೆದುಳು ವಿಜ್ಞಾನಿ ರೋಜರ್ ಸ್ಪೆರಿ ತಂಡದ ಪ್ರಯೋಗಗಳು (1981ರಲ್ಲಿ ಅವರಿಗೆ ನೊಬೆಲ್ ಬಂತು). ಅವರು ಪರೀಕ್ಷಿಸಿದ್ದು, ಮೂರ್ಛೆರೋಗ ತಡೆಯಲು ಮೆದುಳಿನ ಎರಡು ಅರ್ಧಗಳನ್ನು ಜೋಡಿಸುವ ನರಗಳ ಕಟ್ಟನ್ನೇ ಕತ್ತರಿಸಿಕೊಂಡಿದ್ದ ರೋಗಿಗಳನ್ನು. ನೋಟದ ಎಡಬದಿಯಲ್ಲಿ ಚಮಚದ ಚಿತ್ರ ಮಿಂಚಿ ಮಾಯವಾದರೆ ಬಾಯಿ ‘ಏನೂ ಕಾಣಲಿಲ್ಲ’ ಅನ್ನುತ್ತಿತ್ತು. ಎಡಗೈ ಮಾತ್ರ ಮರೆಯಲ್ಲಿ ತಡಕಾಡಿ ಚಮಚವನ್ನೇ ಆರಿಸುತ್ತಿತ್ತು! ಎಡಬದಿಯ ನೋಟ, ಎಡಗೈ ಎರಡೂ ಮೆದುಳಿನ ಬಲ ಅರ್ಧದ ಪಾಲು, ಮಾತು ಸಾಮಾನ್ಯವಾಗಿ ಎಡ ಅರ್ಧದ್ದು. ಅಂದರೆ ಪಕ್ಕಪಕ್ಕ ಇದ್ದರೆ ಸಾಲದು, ನಡುವೆ ಸುದ್ದಿ ಹರಿದಾಡಬೇಕು. ಹರಿದಾಡಿದ ಮಾತ್ರಕ್ಕೆ ಅನುಭವ ಯಾಕೆ ಒಂದಾಗಬೇಕು ಅನ್ನುವುದಕ್ಕೆ ಮಾತ್ರ ಎಲ್ಲರೂ ಒಪ್ಪುವ ಉತ್ತರ ಇನ್ನೂ ಸಿಕ್ಕಿಲ್ಲ.