ಕೇಳುಗರ ಕಟ್ಟೆ: ಎಪ್ಪತ್ತು ದಾಟಿದ ರಾಕ್ ಬ್ಯಾಂಡಿಗೆ ಎಷ್ಟು ದುಡ್ಡು ಕೊಡಬಹುದು?

ಮಂಗಳೂರು, ಉಡುಪಿ ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಹಳೆಯ ರಾಕ್ ಬ್ಯಾಂಡುಗಳು ಬೆಂಗಳೂರಿಗೋ ಮುಂಬೈಗೋ ಬಂದಾಗ ಹೋಗಬೇಕೇ, ಕೊಟ್ಟ ದುಡ್ಡು ಹುಟ್ಟುತ್ತದೆಯೇ?

ಪ್ರಶ್ನೆ: ಕಾಲೇಜು ದಿನಗಳಲ್ಲಿ ಕ್ಯಾಸೆಟ್ ಸವೆಯುವಷ್ಟು ಕೇಳಿದ ಬ್ಯಾಂಡೊಂದು ಬೆಂಗಳೂರಿಗೆ ಬರುತ್ತಿದೆ. ಹಾಡುಗಾರನಿಗೆ 74 ವರ್ಷ, ಟಿಕೆಟ್‌ಗೆ 8,500 ರೂಪಾಯಿ. ಮಕ್ಕಳು “ಯೂಟ್ಯೂಬಲ್ಲೇ ನೋಡಿ ಪಪ್ಪಾ” ಅನ್ನುತ್ತಾರೆ. ಹೋಗಲೇ, ಬಿಡಲೇ?
– ಕದ್ರಿಯ ಓದುಗರು

ಉತ್ತರ: ವಯಸ್ಸು ನೋಡಿ ತೀರ್ಮಾನಿಸಬೇಡಿ, ಗಂಟಲು ನೋಡಿ. ರೋಲಿಂಗ್ ಸ್ಟೋನ್ಸ್ 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ಅದರ ಹಾಡುಗಾರ ಮಿಕ್ ಜಾಗರ್‌ಗೆ 59. ಮುದುಕರಾದರು ಎಂಬ ಮಾತು ಆಗಲೇ ಇತ್ತು. ಅದೇ ಜಾಗರ್ 2024ರಲ್ಲಿ, 81 ತುಂಬುವ ಹೊಸ್ತಿಲಲ್ಲಿ, ಅಮೆರಿಕದ ಊರೂರು ಸುತ್ತಿ ಹಾಡಿದರು. ಆದರೆ ಡ್ರಮ್ಮರ್ ಚಾರ್ಲಿ ವಾಟ್ಸ್ 2021ರಲ್ಲಿ ತೀರಿಕೊಂಡರು. ಹಾಗಾಗಿ ‘ಇನ್ನೊಮ್ಮೆ ಬಂದಾಗ ನೋಡೋಣ’ ಎಂದು ಕೂತವರಿಗೆ ಆ ಕೂಟ ಮತ್ತೆ ಸಿಗಲಿಲ್ಲ.

ಎಲ್ಲ ಗಂಟಲೂ ಒಂದೇ ರೀತಿ ಮುಪ್ಪಾಗುವುದಿಲ್ಲ. ವಯಸ್ಸಾದಂತೆ ಸ್ವರತಂತುಗಳು ತೆಳುವಾಗಿ ಬಿಗಿ ಕಳೆದುಕೊಳ್ಳುತ್ತವೆ, ಹಾಡುವಾಗ ಪೂರ್ತಿ ಕೂಡಿಕೊಳ್ಳದೆ ನಡುವೆ ಗಾಳಿ ಸೋರುತ್ತದೆ. ಉಸಿರಿನ ಬಲವೂ ಕುಗ್ಗುತ್ತದೆ. ಮೊದಲು ಕೈಕೊಡುವುದು ಎತ್ತರದ, ಉದ್ದಕ್ಕೆ ಎಳೆಯುವ ಸ್ವರಗಳು. ಜಾಗರ್ ಹಾಡುವುದು ಹೆಚ್ಚಾಗಿ ನಡುಸ್ಥಾಯಿಯಲ್ಲಿ, ಅರ್ಧ ಮಾತಿನ ಧಾಟಿಯಲ್ಲಿ, ಅದು ಬಾಳುತ್ತದೆ. ಡೀಪ್ ಪರ್ಪಲ್‌ನ ಇಯಾನ್ ಗಿಲ್ಲನ್ ಹೆಸರು ಮಾಡಿದ್ದೇ ತಾರಸ್ಥಾಯಿಯ ಕೂಗಿನಿಂದ. ಅಂಥ ಕೂಗೇ ಜೀವಾಳವಾಗಿದ್ದ ತಮ್ಮ ಅತಿ ಪ್ರಸಿದ್ಧ ಹಾಡೊಂದನ್ನು ಅವರು 2002ರ ನಂತರ ವೇದಿಕೆಯಲ್ಲಿ ಹಾಡುವುದನ್ನೇ ಬಿಟ್ಟರು. ನಮ್ಮ ದೃಷ್ಟಿಯಲ್ಲಿ ಅದು ಪ್ರಾಮಾಣಿಕ ನಿರ್ಧಾರ.

ಇನ್ನು ಕೆಲವರು ಶ್ರುತಿ ಇಳಿಸುತ್ತಾರೆ. ಯಕ್ಷಗಾನ ನೋಡುವ ನಮ್ಮವರಿಗೆ ಇದನ್ನು ವಿವರಿಸಬೇಕಿಲ್ಲ. ಹಾರ್ಮೋನಿಯಂ ಲೆಕ್ಕದ ಕಪ್ಪು ಎರಡರ ಶ್ರುತಿಯಲ್ಲಿ ಪದ ಎತ್ತುತ್ತಿದ್ದ ಭಾಗವತರು ವಯಸ್ಸಾದ ಮೇಲೆ ಅರ್ಧ ಸ್ವರ ಕೆಳಗಿನ ಬಿಳಿ ಎರಡಕ್ಕೆ ಇಳಿದರೆ ಯಾರೂ ಎದ್ದು ಹೋಗುವುದಿಲ್ಲ, ಪದದ ಭಾವ ಉಳಿದಿದೆಯೇ ಎಂದಷ್ಟೇ ನೋಡುತ್ತಾರೆ. ಗಿಟಾರಿನಲ್ಲೂ ಅಷ್ಟೇ; ಆರೂ ತಂತಿಗಳನ್ನು ಅರ್ಧ ಸ್ವರ ಸಡಿಲಿಸಿದರೆ ಗಂಟಲಿಗೆ ಭಾರ ಕಡಿಮೆ. ಮೆಟಾಲಿಕಾ ಹಲವು ವರ್ಷಗಳಿಂದ ವೇದಿಕೆಯಲ್ಲಿ ಹೀಗೇ ನುಡಿಸುತ್ತಿದೆ. ಒಂದೂವರೆ, ಎರಡು ಸ್ವರ ಇಳಿದರೆ ಮಾತ್ರ ಹಾಡಿನ ಹೊಳಪು ಹೋಗಿ ತಂತಿಯ ನಾದ ಮಂಕಾಗುತ್ತದೆ.

ಟಿಕೆಟ್ ಕೊಳ್ಳುವ ಮೊದಲು ಒಂದು ಸಂಜೆ ಬಿಡುವು ಮಾಡಿಕೊಂಡು ಪರೀಕ್ಷೆ ಮಾಡಿ. ಈಗಿನ ಪ್ರವಾಸದಲ್ಲಿ, ಕಳೆದ ಎರಡು ಮೂರು ತಿಂಗಳೊಳಗೆ, ಪ್ರೇಕ್ಷಕರು ಮೊಬೈಲಿನಲ್ಲಿ ಹಿಡಿದ ವೀಡಿಯೊ ಹುಡುಕಿ. ಬ್ಯಾಂಡಿನವರೇ ಬಿಡುಗಡೆ ಮಾಡಿದ ಲೈವ್ ವೀಡಿಯೊ ಬೇಡ, ಅದರಲ್ಲಿ ಸ್ಟುಡಿಯೋದಲ್ಲಿ ತಿದ್ದಿದ್ದು ಇರಬಹುದು. ಕಾರ್ಯಕ್ರಮದ ಮೊದಲ ಹಾಡನ್ನು ಬಿಟ್ಟು ಹನ್ನೆರಡನೆಯದನ್ನೋ ಹದಿನೈದನೆಯದನ್ನೋ ಕೇಳಿ. ಗಂಟಲು ಸೋಲುವುದು ಅಲ್ಲಿ. ಆಮೇಲೆ ಹಳೆಯ ಧ್ವನಿಮುದ್ರಣ ಹಾಕಿ, ಮೊಬೈಲಿನ ಟ್ಯೂನರ್ ಆ್ಯಪ್ ಅಥವಾ ಮನೆಯ ಕೀಬೋರ್ಡ್ ಹಿಡಿದು ಎರಡರ ಶ್ರುತಿ ಹೋಲಿಸಿ. ವೇಗ ತಿಳಿಯಲು 15 ಸೆಕೆಂಡಿನ ತಾಳ ಎಣಿಸಿ ನಾಲ್ಕರಿಂದ ಗುಣಿಸಿ. ನಿಮಿಷಕ್ಕೆ 130 ಇದ್ದದ್ದು 124 ಆಗಿದ್ದರೆ ತೊಂದರೆ ಇಲ್ಲ, 112ಕ್ಕೆ ಇಳಿದಿದ್ದರೆ ಹಾಡು ಎಳೆದಂತೆ ಕೇಳುತ್ತದೆ. ಪಲ್ಲವಿ ಬಂದಾಗಲೆಲ್ಲ ಮೈಕನ್ನು ಜನರತ್ತ ತಿರುಗಿಸುತ್ತಾರೆಯೇ ಎಂದೂ ಗಮನಿಸಿ. ಕೊನೆಗೆ, ಎರಡು ಬೇರೆ ಊರುಗಳ ಅದೇ ಹಾಡನ್ನು ಹೋಲಿಸಿ. ಉಸಿರು ತೆಗೆದುಕೊಳ್ಳುವ ಜಾಗ, ಸ್ವರದ ಬಳುಕು ಎರಡರಲ್ಲೂ ಕೂದಲೆಳೆಯಷ್ಟೂ ಬದಲಾಗದಿದ್ದರೆ ಅಲ್ಲಿ ಕೇಳಿಸುತ್ತಿರುವುದು ಮೊದಲೇ ಮುದ್ರಿಸಿದ ಧ್ವನಿ.

ಶ್ರುತಿ ಇಳಿದರೂ ವೇಗ ಉಳಿದಿದ್ದು, ಒಂದೂಮುಕ್ಕಾಲು ಗಂಟೆಯಾದರೂ ನುಡಿಸುತ್ತಿದ್ದರೆ 8,500 ಕೊಡಿ. ಮೊದಲೇ ಮುದ್ರಿಸಿದ ಧ್ವನಿಗೆ ಬಾಯಿ ಆಡಿಸುವವರಾದರೆ 850 ಕೂಡ ಹೆಚ್ಚು.

ಇದಕ್ಕೊಂದು ಅಪವಾದ ಉಂಟು. ಬ್ಲ್ಯಾಕ್ ಸಬ್ಬಾತ್ ಬ್ಯಾಂಡಿನ ಹಾಡುಗಾರ ಓಜಿ ಆಸ್‌ಬರ್ನ್ 2025ರ ಜುಲೈ 5ರಂದು ತಮ್ಮ ಹುಟ್ಟೂರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಿಂಹಾಸನದಂಥ ಕುರ್ಚಿಯಲ್ಲಿ ಕುಳಿತೇ ಹಾಡಿದರು. ಹದಿನೇಳು ದಿನಕ್ಕೆ ತೀರಿಕೊಂಡರು. ಕಾಲು ಸೋತ ಹಿರಿಯ ಕಲಾವಿದರು ತಾಳಮದ್ದಳೆಯಲ್ಲಿ ಕುಳಿತು ಅರ್ಥ ಹೇಳುವಾಗ ನಾವು ಕುಣಿತ ಕೇಳುತ್ತೇವೆಯೇ? ಅಂಥ ಸಂಜೆಗೆ ಶ್ರುತಿಯ ಲೆಕ್ಕ ಬೇಡ.

ಪ್ರಶ್ನೆ: ವೇದಿಕೆಯ ಮುಂದಿನ ‘ಫ್ಯಾನ್ ಪಿಟ್’ಗೆ ಸಾಮಾನ್ಯ ಟಿಕೆಟಿನ ಮೂರು ಪಟ್ಟು ಬೆಲೆ. ಸೌಂಡ್ ಅಲ್ಲೇ ಚೆನ್ನಾಗಿರುತ್ತದೆ ಅಲ್ಲವೇ?
– ಮಣಿಪಾಲದ ವಿದ್ಯಾರ್ಥಿ

ಉತ್ತರ: ಮುಖ ಚೆನ್ನಾಗಿ ಕಾಣುತ್ತದೆ. ಶಬ್ದ ಚೆನ್ನಾಗಿರುವುದಿಲ್ಲ. ವೇದಿಕೆಯ ಎರಡೂ ಬದಿ ತೂಗುಹಾಕಿದ ದೊಡ್ಡ ಸ್ಪೀಕರ್ ಸಾಲುಗಳ ಮುಖ ಮೈದಾನದ ಕಡೆಗಿರುತ್ತದೆ. ಅವುಗಳ ಶಬ್ದ ಮುಂದೆ ನಿಂತವರ ತಲೆಯ ಮೇಲಿಂದ ಹಾದುಹೋಗುತ್ತದೆ. ಅಲ್ಲಿ ನಿಮಗೆ ಸಿಗುವುದು ಡ್ರಮ್ಮಿನ ನೇರ ಪೆಟ್ಟು, ಗಿಟಾರ್ ಆಂಪ್‌ಗಳ ಸದ್ದು, ನೆಲದ ಮೇಲಿಟ್ಟ ಸಬ್‌ವೂಫರಿನ ಗುದ್ದು. ಹಾಡುಗಾರನ ಧ್ವನಿಯೇ ಹಿಂದೆ ಬೀಳುತ್ತದೆ. ಗಂಟಲು ಸೋತ ಹಿರಿಯ ಹಾಡುಗಾರರ ವಿಷಯದಲ್ಲಿ ಇದು ದೊಡ್ಡ ನಷ್ಟ.

ಮೈದಾನದ ನಡುವೆ ಬೇಲಿ ಕಟ್ಟಿ, ಗುಡಾರ ಹಾಕಿದ ಜಾಗವಿರುತ್ತದೆ. ಸೌಂಡ್ ಎಂಜಿನಿಯರ್ ಮಿಕ್ಸರ್ ಇಟ್ಟುಕೊಂಡು ಕೂರುವುದು ಅಲ್ಲಿ. ಅವರು ತಮ್ಮ ಕಿವಿಗೆ ಸರಿಯಾಗುವಂತೆ ಹೊಂದಿಸುತ್ತಾರೆ, ಹಾಗಾಗಿ ಮೈದಾನದಲ್ಲೇ ಉತ್ತಮ ಶಬ್ದ ಆ ಗುಡಾರದ ಮುಂದೆ ಅಥವಾ ಪಕ್ಕದಲ್ಲಿ. ಟಿಕೆಟ್ ಪುಟದ ನಕ್ಷೆಯಲ್ಲಿ ಅದು ಯಾವ ವಿಭಾಗದಲ್ಲಿ ಬರುತ್ತದೆ ಎಂದು ನೋಡಿ ಅದನ್ನೇ ಕೊಳ್ಳಿ. ಅದಕ್ಕೂ ಹಿಂದೆ, 100 ಮೀಟರ್ ದೂರದಲ್ಲಿ, ಶಬ್ದ ತಲುಪಲು ಸುಮಾರು 0.3 ಸೆಕೆಂಡ್ ಬೇಕು. ಪರದೆಯ ಮೇಲೆ ಕೋಲು ಬಿದ್ದ ಮೇಲೆ ಡ್ರಮ್ ಕೇಳುತ್ತದೆ, ಗಾಳಿ ಬೀಸಿದರೆ ತಾರಸ್ವರಗಳು ಅತ್ತಿತ್ತ ಹಾರುತ್ತವೆ. ನಡುವೆ ಇನ್ನೊಂದು ಜೋಡಿ ಸ್ಪೀಕರ್ ಗೋಪುರ ಇಲ್ಲದ ಮೈದಾನದಲ್ಲಿ ಕೊನೆಯ ವಿಭಾಗದ ಟಿಕೆಟ್ ಅಗ್ಗಕ್ಕೆ ಸಿಕ್ಕಿದರೂ ಬೇಡ.

ಪ್ರಶ್ನೆ: ಮೂಲ ಸದಸ್ಯರಲ್ಲಿ ಒಬ್ಬರೇ ಉಳಿದಿದ್ದಾರಂತೆ. ಅದನ್ನು ಅದೇ ಬ್ಯಾಂಡ್ ಅನ್ನಬಹುದೇ?
– ಕುಲಶೇಖರದ ಓದುಗರು

ಉತ್ತರ: ಉಳಿದವರು ಯಾರು ಎಂಬುದರ ಮೇಲೆ ಹೋಗುತ್ತದೆ. ಹಾಡುಗಾರ ಬದಲಾದರೆ ಬ್ಯಾಂಡೇ ಬದಲಾದಂತೆ. ನಮ್ಮಲ್ಲಿ ಇಷ್ಟಪಟ್ಟು ಕೇಳುವ ಸ್ಮೋಕಿಯನ್ನೇ ನೋಡಿ. ಆ ಗೊಗ್ಗರು ಧ್ವನಿಯ ಕ್ರಿಸ್ ನಾರ್ಮನ್ 1986ರಲ್ಲೇ ಹೊರಬಂದು ಸ್ವಂತ ಹೆಸರಿನಲ್ಲಿ ಹಾಡುತ್ತಿದ್ದಾರೆ. ಮೂಲದವರಲ್ಲಿ ಕೊನೆಗೆ ಉಳಿದಿದ್ದ ಟೆರ್ರಿ ಅಟ್ಲಿ 2021ರಲ್ಲಿ ತೀರಿಕೊಂಡ ಮೇಲೂ ಬ್ಯಾಂಡ್ ಅದೇ ಹೆಸರಲ್ಲಿ ನಡೆಯುತ್ತಿದೆ. ನಿಮಗೆ ಬೇಕಾದ್ದು ಆ ಧ್ವನಿಯಾದರೆ ಟಿಕೆಟಿನ ಮೇಲೆ ನಾರ್ಮನ್ ಹೆಸರು ಹುಡುಕಬೇಕು. ಕ್ರೈಸ್ತರ ಮದುವೆಗೆ ಮುಂಚಿನ ರೋಸ್ ಶಾಸ್ತ್ರದ ಮನೆಯಲ್ಲಿ ಕುಣಿಸುವ ಬೋನಿ ಎಂ ರಾಕ್ ಅಲ್ಲದಿದ್ದರೂ ಪಾಠ ಒಂದೇ: ಧ್ವನಿಮುದ್ರಣಗಳಲ್ಲಿನ ಮುಖ್ಯ ಹೆಣ್ಣು ದನಿ ಲಿಜ್ ಮಿಚೆಲ್ ಅವರದು. ಗಂಡು ದನಿ ನಿರ್ಮಾಪಕ ಫ್ರಾಂಕ್ ಫಾರಿಯನ್ ಅವರದು, ವೇದಿಕೆಯಲ್ಲಿ ಕುಣಿಯುತ್ತಿದ್ದ ಬಾಬಿ ಫಾರೆಲ್ ಅವರದಲ್ಲ.

ಡ್ರಮ್ಮರ್ ಬದಲಾದರೆ ಕೆಲವೊಮ್ಮೆ ಒಳ್ಳೆಯದೇ ಆಗುತ್ತದೆ. ಐರನ್ ಮೇಡನ್‌ನ ನಿಕೋ ಮೆಕ್‌ಬ್ರೇನ್ ಅವರಿಗೆ 2023ರ ಜನವರಿಯಲ್ಲಿ ಪಾರ್ಶ್ವವಾಯು ಬಡಿಯಿತು. ಚೇತರಿಸಿಕೊಂಡು ನುಡಿಸಿದರೂ 2024ರ ಡಿಸೆಂಬರ್‌ನಲ್ಲಿ ಪ್ರವಾಸದಿಂದ ನಿವೃತ್ತರಾಗಿ ಜಾಗವನ್ನು ಸೈಮನ್ ಡಾಸನ್‌ಗೆ ಬಿಟ್ಟರು. ಇಂಥದ್ದನ್ನು ಮುಚ್ಚಿಡದೆ ಹೇಳುವ ಬ್ಯಾಂಡನ್ನು ನಂಬಬಹುದು. ಜಾಹೀರಾತಿನಲ್ಲಿ 1978ರ ಫೋಟೊ ಹಾಕಿ, ಈಗ ವೇದಿಕೆ ಹತ್ತುವವರ ಹೆಸರು ಹಾಕದಿದ್ದರೆ ಕೈ ಬಿಗಿ ಹಿಡಿಯಿರಿ.

ಪ್ರಶ್ನೆ: ಉಡುಪಿಯಿಂದ ಹೋಗಿ ಬರುವ ಖರ್ಚೇ ಟಿಕೆಟಿನಷ್ಟಾಗುತ್ತದೆ. ಕಡಿಮೆ ಮಾಡುವುದು ಹೇಗೆ?
– ಇಂದ್ರಾಳಿಯ ಓದುಗರು

ಉತ್ತರ: ರಾತ್ರಿ 10ರ ನಂತರ ತೆರೆದ ಜಾಗದಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ಬೆಂಗಳೂರಿನ ಕಾರ್ಯಕ್ರಮಗಳು ಸಾಮಾನ್ಯವಾಗಿ ಆ ಹೊತ್ತಿಗೆ ಮುಗಿಯುತ್ತವೆ. ಅದೇ ರಾತ್ರಿ ಬಸ್ಸು ಹತ್ತಿದರೆ ಲಾಡ್ಜಿನ ಖರ್ಚು ಉಳಿಯುತ್ತದೆ. ಕಾರ್ಯಕ್ರಮ ಮಾದಾವರದ ಕಡೆಯ ಮೈದಾನದಲ್ಲಿದ್ದರೆ ಮೆಜೆಸ್ಟಿಕ್‌ಗೆ ವಾಪಸು ಬರಲೇಬೇಡಿ. ನಮ್ಮ ಕಡೆಯ ಬಸ್ಸುಗಳು ಹಾಸನಕ್ಕೆ ಹೋಗುವುದು ನೆಲಮಂಗಲದ ಮೇಲೆಯೇ. ಬುಕ್ ಮಾಡುವಾಗ ಗೊರಗುಂಟೆಪಾಳ್ಯ ಅಥವಾ ನೆಲಮಂಗಲ ಕಡೆಯ ಪಿಕಪ್ ಆರಿಸಿ, ಸಮಯ ಮಾತ್ರ 11.30ಕ್ಕಿಂತ ಮೊದಲಿನದು ಬೇಡ. ಮೈದಾನದಿಂದ ಹೊರಬೀಳಲಿಕ್ಕೇ ಮುಕ್ಕಾಲು ಗಂಟೆ ಹಿಡಿಯಬಹುದು. ಹೋಗುವಾಗ ಕಾರ್ಯಕ್ರಮದ ದಿನ ಬೆಳಿಗ್ಗೆ ತಲುಪುವ ಬಸ್ಸು ಸಾಕು, ಆದರೆ ಮಳೆಗಾಲದಲ್ಲಿ ಒಂದು ದಿನ ಮುಂಚೆ ಹೊರಡಿ. ಶಿರಾಡಿಯಲ್ಲಿ ಗುಡ್ಡ ಕುಸಿದರೆ ಚಾರ್ಮಾಡಿ ಸುತ್ತಬೇಕು, ಅಲ್ಲಿಯೂ ಸಾಲು ನಿಲ್ಲುತ್ತದೆ.

ಮುಂಬೈಗೆ ಮತ್ಸ್ಯಗಂಧ ರೈಲೇ ಮೇಲು. ಇಂದ್ರಾಳಿಯಲ್ಲಿ ಹತ್ತಿದರೆ ಮರುದಿನ ಬೆಳಿಗ್ಗೆ ಕುರ್ಲಾ. ಕಾರ್ಯಕ್ರಮದ ರಾತ್ರಿ ಅಲ್ಲಿ ಉಳಿಯಲೇಬೇಕು, ಯಾಕೆಂದರೆ ವಾಪಸು ಗಾಡಿ ಮಧ್ಯಾಹ್ನದ ನಂತರ. ರೈಲಿನ ಬುಕಿಂಗ್ ತೆರೆಯುವುದು 60 ದಿನ ಮೊದಲು. ಕಾರ್ಯಕ್ರಮದ ಟಿಕೆಟ್ ಅದಕ್ಕೂ ಮುಂಚೆ ಕೊಂಡಿದ್ದರೆ ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಹಿರಿಯರ ಬ್ಯಾಂಡಾದರೆ ರದ್ದಾಗುವ ಸಾಧ್ಯತೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಏರೋಸ್ಮಿತ್ 2023ರ ವಿದಾಯ ಪ್ರವಾಸವನ್ನು ಮೂರೇ ಕಾರ್ಯಕ್ರಮಕ್ಕೆ ನಿಲ್ಲಿಸಿತು. ಹಾಡುಗಾರ ಸ್ಟೀವನ್ ಟೈಲರ್ ಗಂಟಲಿಗೆ ಪೆಟ್ಟಾಗಿತ್ತು, ಮರುವರ್ಷ ಪ್ರವಾಸಕ್ಕೇ ಪೂರ್ಣವಿರಾಮ ಬಿತ್ತು. ಕಾರ್ಯಕ್ರಮ ರದ್ದಾದರೆ ಟಿಕೆಟಿನ ಹಣ ವಾಪಸು ಬಂದೀತು, ಲಾಡ್ಜು, ವಿಮಾನದ್ದು ಬರುವುದಿಲ್ಲ. ಹಾಗಾಗಿ ರದ್ದು ಮಾಡಬಹುದಾದ ರೂಮನ್ನೇ ಹಿಡಿಯಿರಿ.

ಪ್ರಶ್ನೆ: ಬೆಲೆ ಇಷ್ಟೊಂದು ಏರಿರುವುದು ಬ್ಯಾಂಡುಗಳ ದುರಾಸೆಯಿಂದಲೇ?
– ಪಡುಬಿದ್ರಿಯ ಓದುಗರು

ಉತ್ತರ: ಕ್ಯಾಸೆಟ್, ಸಿ.ಡಿ. ಮಾರಾಟ ಬಿದ್ದ ಮೇಲೆ ವೇದಿಕೆಯೇ ಮುಖ್ಯ ಗಳಿಕೆ. ಆದರೂ ಮನಸ್ಸಿದ್ದರೆ ಬೆಲೆ ಇಳಿಸಬಹುದು. 2023ರ ಅಮೆರಿಕ ಪ್ರವಾಸದಲ್ಲಿ ದಿ ಕ್ಯೂರ್ ಕೆಲವು ಟಿಕೆಟುಗಳನ್ನು 20 ಡಾಲರಿಗೇ ಇಟ್ಟಿತ್ತು. ಅದರ ಮೇಲೆ ಬಿದ್ದ ಶುಲ್ಕ ಟಿಕೆಟಿನಷ್ಟೇ ಆದಾಗ ಬ್ಯಾಂಡಿನ ಹಾಡುಗಾರ ರಾಬರ್ಟ್ ಸ್ಮಿತ್ ಟಿಕೆಟ್ ಮಾರುವ ಕಂಪನಿ ಟಿಕೆಟ್‌ಮಾಸ್ಟರ್ ಜತೆ ಜಗಳಕ್ಕೆ ನಿಂತು ಒಂದು ಪಾಲನ್ನು ಅಭಿಮಾನಿಗಳಿಗೆ ವಾಪಸು ಕೊಡಿಸಿದರು.

ಪ್ರಶ್ನೆ: 66 ವರ್ಷದ ಅಮ್ಮನೂ ಬರುತ್ತೇನೆ ಅನ್ನುತ್ತಿದ್ದಾರೆ. ಕಿವಿಗೆ ತೊಂದರೆ ಆದೀತೇ?
– ಬಿಜೈಯ ಓದುಗರು

ಉತ್ತರ: ಖಂಡಿತ ಕರೆದುಕೊಂಡು ಹೋಗಿ, ಕುರ್ಚಿ ಇರುವ ವಿಭಾಗದ ಟಿಕೆಟ್ ತೆಗೆಯಿರಿ. ಕಿವಿಯ ಎಚ್ಚರ ಅಮ್ಮನಿಗಷ್ಟೇ ಅಲ್ಲ, ನಿಮಗೂ ಬೇಕು. 85 ಡೆಸಿಬೆಲ್ ಶಬ್ದವನ್ನು 8 ಗಂಟೆ ತಾಳಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್‌ಗೆ ಬರುವಾಗ ಉಳಿಯುವುದು 15 ನಿಮಿಷ, ರಾಕ್ ಕಾರ್ಯಕ್ರಮ ಎರಡು ಗಂಟೆಯದು. ಎಸಿ/ಡಿಸಿಯ ಹಾಡುಗಾರ ಬ್ರಯಾನ್ ಜಾನ್ಸನ್ ಕಿವಿ ಕೆಟ್ಟು 2016ರಲ್ಲಿ ಪ್ರವಾಸ ನಿಲ್ಲಿಸಬೇಕಾಯಿತು. ಸಂಗೀತಗಾರರು ಬಳಸುವ ಫಿಲ್ಟರ್ ಇರುವ ಇಯರ್‌ಪ್ಲಗ್ ಸಿಕ್ಕಿದರೆ ಒಳ್ಳೆಯದು. ಅದು ಎಲ್ಲ ಸ್ವರಗಳನ್ನೂ ಸಮನಾಗಿ ತಗ್ಗಿಸುತ್ತದೆ, ಹಾಡು ಮಂಕಾಗುವುದಿಲ್ಲ. ಮೆಡಿಕಲ್ ಶಾಪಿನ ಸ್ಪಂಜಿನದ್ದೂ ಆದೀತು. ಅದನ್ನು ಬೆರಳಲ್ಲಿ ಹೊಸೆದು ಸಪೂರ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ತೂರಿಸಿ, ಸ್ಪಂಜು ಉಬ್ಬಿ ಕೂರುವವರೆಗೆ 30 ಸೆಕೆಂಡ್ ಒತ್ತಿ ಹಿಡಿಯಿರಿ. ಮೊದಲ ಹಾಡು ಶುರುವಾಗುವ ಮುಂಚೆಯೇ ಹಾಕಿ.